ಕ್ರೆಡಿಟ್ ಬಂತು ಸರಿ, ಡಿಗ್ರಿಗೆ ಸೇರಿತೇ?

ಟೆಕ್ಸಾಸ್‌ನ ಹೈಸ್ಕೂಲ್ ಮಕ್ಕಳಿಗೆ ಕಾಲೇಜು ಪ್ರವೇಶದ ಸಲಹೆ ಕೊಡುವುದು ನನ್ನ ಕೆಲಸ. ಜುಲೈ ಬಂತೆಂದರೆ ಕನ್ನಡದ ಮನೆಗಳಿಂದ ಫೋನು ಶುರು. "ಮೇಡಂ, ಎರಡು ವರ್ಷ ಡ್ಯುಯಲ್ ಕ್ರೆಡಿಟ್ ಮಾಡಿದ್ದಾಳೆ, ಯೂನಿವರ್ಸಿಟಿಯವರು ಏನೂ ಬಂದಿಲ್ಲ ಅಂತಾರಲ್ಲ!"

ಡ್ಯುಯಲ್ ಕ್ರೆಡಿಟ್ ಎಂದರೆ ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜು ಕೋರ್ಸು ಓದಿ ಎರಡೂ ಕಡೆ ಕ್ರೆಡಿಟ್ ಪಡೆಯುವುದು. ಆ ಪಾಠ ಕೊಟ್ಟ ಕಮ್ಯುನಿಟಿ ಕಾಲೇಜಿನಿಂದ ಟ್ರಾನ್ಸ್‌ಕ್ರಿಪ್ಟ್, ಅಂದರೆ ಅಧಿಕೃತ ಅಂಕಪಟ್ಟಿ, ಕಳಿಸಿದಿರಾ ಎಂದು ಕೇಳಿದರೆ ಆ ಕಡೆ ಮೌನ. ಊರಲ್ಲಿ ಪಿಯುಸಿ ಮಾರ್ಕ್ಸ್ ಕಾರ್ಡ್ ಹಿಡಿದು ಕಾಲೇಜು ಸೇರಿದವರು ನಾವು. ಹೈಸ್ಕೂಲಿನ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕೋರ್ಸಿನ ಹೆಸರಿದ್ದರೆ ಸಾಕೆಂದುಕೊಳ್ಳುತ್ತೇವೆ. ಸಾಲದು. ಪಾಠ ಕೊಟ್ಟ ಕಾಲೇಜೇ ಕಳಿಸಬೇಕು. ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಯ ಸ್ಕೋರಾದರೆ, ಅದನ್ನು ನಡೆಸುವ ಕಾಲೇಜ್ ಬೋರ್ಡ್‌ನಿಂದ ಹೋಗಬೇಕು.

ನಿಜವಾದ ಪೇಚು ಅದರಾಚೆಗಿದೆ. ಇಂಜಿನಿಯರಿಂಗ್ ಸೇರಿದ ಹುಡುಗಿಯೊಬ್ಬಳ 24 ಕ್ರೆಡಿಟ್‌ಗಳನ್ನು ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ ಪೂರ್ತಿ ಒಪ್ಪಿತ್ತು. ಮನೆಯವರಿಗೆ ಒಂದು ವರ್ಷವೇ ಉಳಿಯಿತೆಂಬ ಸಂತೋಷ. ಯಾವ ಕ್ರೆಡಿಟ್ ಡಿಗ್ರಿಯ ಯಾವ ಭಾಗಕ್ಕೆ ಸೇರಿತೆಂದು ತೋರಿಸುವ ಅವಳ ಡಿಗ್ರಿ ಆಡಿಟ್ ತೆರೆದು ಒಟ್ಟಿಗೆ ನೋಡಿದೆವು. ಇಂಗ್ಲಿಷ್ ಎರಡು, ಇತಿಹಾಸ ಎರಡು, ಗವರ್ನಮೆಂಟ್, ಸೈಕಾಲಜಿ: ಈ 18 ಕ್ರೆಡಿಟ್ 42 ಕ್ರೆಡಿಟ್‌ನ ಕೋರ್‌ನಲ್ಲಿ, ಅಂದರೆ ಎಲ್ಲರೂ ಓದಬೇಕಾದ ಸಾಮಾನ್ಯ ವಿಷಯಗಳ ಭಾಗದಲ್ಲಿ, ಕೂತಿದ್ದವು. ಕಾಲೇಜ್ ಆಲ್ಜೀಬ್ರಾ, ಸ್ಟ್ಯಾಟಿಸ್ಟಿಕ್ಸ್ ಎರಡೂ ಕೆಳಗೆ ಬೇರೆಯಾಗಿ ಬಿದ್ದಿದ್ದವು. ಅವಳ ಇಂಜಿನಿಯರಿಂಗ್ ಗಣಿತ ಕ್ಯಾಲ್ಕುಲಸ್‌ನಿಂದ ಶುರು. ಬೆಳಿಗ್ಗೆ ಆರಕ್ಕೆದ್ದು ಓದಿದ ಆರು ಕ್ರೆಡಿಟ್ ಅವಳ ಡಿಗ್ರಿಗೆ ಬರಲಿಲ್ಲ. ಸ್ಕ್ರೀನ್ ನೋಡುತ್ತಾ ಅವಳು ಸುಮ್ಮನೆ ಕೂತಿದ್ದು ಇನ್ನೂ ಕಣ್ಣಮುಂದಿದೆ. ಹತ್ತನೇ ತರಗತಿಯಲ್ಲೇ ಯಾರಾದರೂ ಆ ಡಿಗ್ರಿಯ ಕೋರ್ಸ್ ಪಟ್ಟಿ ತೋರಿಸಬೇಕಿತ್ತು.

ಕೋರ್ ಕೋರ್ಸುಗಳನ್ನು ಒಪ್ಪಲೇಬೇಕೆಂಬ ನಿಯಮ ಟೆಕ್ಸಾಸ್‌ನ ಸರ್ಕಾರಿ ಸಂಸ್ಥೆಗಳಿಗಷ್ಟೇ. ಖಾಸಗಿ, ಹೊರರಾಜ್ಯದ ವಿಶ್ವವಿದ್ಯಾಲಯಗಳಿಗೆ ಆ ಕಟ್ಟುಪಾಡಿಲ್ಲ. ಹೈಸ್ಕೂಲ್ ಕಟ್ಟಡದಲ್ಲೇ ನಡೆದ ಪಾಠವನ್ನು ಒಪ್ಪದವರೂ ಇದ್ದಾರೆ. ಅದಕ್ಕೇ ಪ್ರತಿ ಕೋರ್ಸಿನ ಸಿಲಬಸ್ ಪಿಡಿಎಫ್ ಎತ್ತಿಟ್ಟುಕೊಳ್ಳಿ ಅನ್ನುತ್ತೇನೆ. ಇಲ್ಲವೆಂದ ವಿಭಾಗದ ಮುಂದೆ ಮತ್ತೆ ಕೇಳಲು ಕೈಯಲ್ಲಿರುವ ಆಧಾರ ಅದೊಂದೇ.

ಡಾಕ್ಟರಾಗಬೇಕೆಂಬ ಮಕ್ಕಳ ವಿಷಯದಲ್ಲಿ ನನಗೆ ಇನ್ನೂ ಆತಂಕ. ಅಮೆರಿಕದ ಹಲವು ಮೆಡಿಕಲ್ ಸ್ಕೂಲುಗಳಿಗೆ ಒಂದೇ ಅರ್ಜಿ ಹಾಕುವ ವ್ಯವಸ್ಥೆಯಾದ ಎಎಂಸಿಎಎಸ್ ಮೂಲಕ ಹೋಗುವಾಗ ಹೈಸ್ಕೂಲಿನಲ್ಲಿ ಮಾಡಿದ ಕಾಲೇಜು ಕೋರ್ಸಿನ ಗ್ರೇಡೂ ಜಿಪಿಎಗೆ, ಅಂದರೆ ಗ್ರೇಡುಗಳ ಸರಾಸರಿಗೆ, ಸೇರುತ್ತದೆ. ಹದಿನಾರರ ವಯಸ್ಸಿನಲ್ಲಿ ಬಂದ ಒಂದು ಸಿ ಅಲ್ಲಿಯವರೆಗೂ ಜೊತೆಗೆ ಬರುತ್ತದೆ. ಮಗುವಿಗೆ ಭಾರ ಅನ್ನಿಸಿದರೆ ಸೆಮಿಸ್ಟರಿನ ಸೆನ್ಸಸ್ ಡೇಟ್‌ಗೆ, ಅಂದರೆ ಸಾಮಾನ್ಯವಾಗಿ ಸೆಮಿಸ್ಟರಿನಲ್ಲಿ ಪಾಠ ನಡೆಯುವ 12ನೇ ದಿನಕ್ಕೆ, ಮುಂಚೆಯೇ ಬಿಡಿಸಿ. ಆಮೇಲೆ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಡಬ್ಲ್ಯೂ, ಅಂದರೆ ಕೋರ್ಸು ನಡುವೆ ಬಿಟ್ಟ ಗುರುತು, ಉಳಿಯುತ್ತದೆ.