ಸೊನ್ನೆಗೆ ಹತ್ತು ಕಡಿತ

ಡಯಲ್ ಚಕ್ರ ತಿರುಗಿಸುವ ಹಳೆಯ ಫೋನು ಕೈಗೆ ಸಿಕ್ಕರೆ ಹೆಚ್ಚಿನವರು ಮೊದಲು ಅದನ್ನು ಒರೆಸಿ ಫಳಫಳ ಹೊಳೆಯುವಂತೆ ಮಾಡುತ್ತಾರೆ. ನಾನು ಸೊನ್ನೆಯ ತೂತಿಗೆ ಬೆರಳಿಟ್ಟು, ಬೆರಳನ್ನು ತಡೆಯುವ ಕೊಕ್ಕೆಯವರೆಗೆ ತಿರುಗಿಸಿ, ಬಿಟ್ಟು ಕಿವಿಗೊಡುತ್ತೇನೆ. ‘ಕರ್ರ್’ ಎಂಬ ಸದ್ದು ಒಂದೇ ಸಮನೆ ಬಂದು ಒಂದು ಸೆಕೆಂಡಿಗಿಂತ ತುಸು ಹೆಚ್ಚಿನಲ್ಲಿ ಮುಗಿದರೆ ಡಯಲ್‌ಗೆ ಜೀವ ಇದೆ. ಏದುಸಿರು ಬಿಡುತ್ತಾ ನಡುವೆ ತಡವರಿಸಿದರೆ ಒಳಗಿನ ಎಣ್ಣೆ ಅಂಟಾಗಿದೆ. ಸರ್ರನೆ ಓಡಿಬಿಟ್ಟರೆ ಅದರ ವೇಗ ಕಾಯುವ ಗವರ್ನರ್ ಕೆಟ್ಟಿದೆ.

ಚಕ್ರ ತಿರುಗಿಸುವಾಗ ಅಂಕಿ ಹೋಗುತ್ತದೆ ಎಂದೇ ಬಹಳ ಜನ ತಿಳಿದಿದ್ದಾರೆ. ತಿರುಗಿಸುವಾಗ ನಾವು ಸ್ಪ್ರಿಂಗಿಗೆ ಕೀ ಕೊಡುತ್ತೇವೆ, ಅಷ್ಟೆ. ಅಂಕಿ ಹೊರಡುವುದು ಚಕ್ರ ಮರಳುವಾಗ. ತಂತಿಯಲ್ಲಿ ಹರಿಯುತ್ತಿರುವ ವಿದ್ಯುತ್ತನ್ನು ಅದು ಕಡಿದು ಕಡಿದು ಕೂಡಿಸುತ್ತದೆ: ಒಂದಕ್ಕೆ ಒಂದು ಸಲ, ಐದಕ್ಕೆ ಐದು, ಸೊನ್ನೆಗೆ ಹತ್ತು. ನಮ್ಮ ಮನೆಯಲ್ಲಿ ಅಪ್ಪ ಎಸ್‌ಟಿಡಿ ಬಿಲ್ಲಿಗೆ ಹೆದರಿ ಡಯಲ್‌ನ ತೂತಿಗೊಂದು ಪುಟ್ಟ ಬೀಗ ಹಾಕಿದ್ದರು. ಅಣ್ಣ ರಿಸೀವರ್ ಎತ್ತಿ, ಅದು ಕೂರುವ ಜಾಗದ ಗುಂಡಿಯನ್ನೇ ಲೆಕ್ಕಹಾಕಿ ಟಕಟಕ ಒತ್ತಿ ಗೆಳೆಯರೊಡನೆ ಹರಟುತ್ತಿದ್ದ. ಬೀಗ ಹಾಕಿದ್ದು ಚಕ್ರಕ್ಕೆ; ಕರೆಗಳನ್ನು ಜೋಡಿಸುವ ಎಕ್ಸ್‌ಚೇಂಜ್ ಎಣಿಸುತ್ತಿದ್ದುದು ಕಡಿತಗಳನ್ನು!

ಆ ಕಡಿತಗಳು ಸೆಕೆಂಡಿಗೆ ಹತ್ತರ ಲಯದಲ್ಲೇ ಹೋಗಬೇಕು. ಆ ಲಯವನ್ನು ಕಾಯುವವನು ಗವರ್ನರ್. ಪುಟ್ಟ ಲೋಹದ ಬಟ್ಟಲೊಳಗೆ ಎರಡು ಸಣ್ಣ ತೂಕಗಳು ಗಿರಗಿರ ತಿರುಗುತ್ತವೆ. ವೇಗ ಹೆಚ್ಚಿದರೆ ಹೊರಕ್ಕೆ ಚಾಚಿ ಬಟ್ಟಲಿನ ಗೋಡೆಗೆ ಉಜ್ಜುತ್ತವೆ. ತಗ್ಗಿದರೆ ಒಳಕ್ಕೆ ಸರಿಯುತ್ತವೆ. ಬುಗುರಿಯಂತೆ ಸುತ್ತುವ ಹುಡುಗಿಯ ಲಂಗ ಅರಳುವುದಿಲ್ಲವೇ, ಹಾಗೆ. ಜಾತ್ರೆಯಲ್ಲಿ ಸರಪಳಿಗೆ ತೂಗುಬಿಟ್ಟ ಕುರ್ಚಿಗಳು ವೇಗ ಏರಿದಂತೆ ಹೊರಕ್ಕೆ ತೇಲುತ್ತವಲ್ಲ, ಹಾಗೆ. ಇಳಿಜಾರಿನಲ್ಲಿ ಬ್ರೇಕನ್ನು ಹಿಡಿದೂ ಹಿಡಿಯದಂತೆ ಸೈಕಲ್ ಇಳಿಸುವ ಜಾಣನ ಹಾಗೆ ಎಂದರೂ ಸರಿ. ನೀವು ಸಿಟ್ಟಿನಿಂದ ತಿರುಗಿಸಿದರೂ ನಿದ್ದೆಗಣ್ಣಿನಲ್ಲಿ ತಿರುಗಿಸಿದರೂ ಚಕ್ರ ಮರಳುವ ವೇಗ ಒಂದೇ.

ಸ್ವಯಂಚಾಲಿತ ಎಕ್ಸ್‌ಚೇಂಜ್‌ಗೆ 1891ರಲ್ಲಿ ಪೇಟೆಂಟ್ ಪಡೆದ ಆಲ್ಮನ್ ಸ್ಟ್ರೌಜರ್ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯಾಪಾರಿ. ಕೈಯಾರೆ ಕರೆ ಜೋಡಿಸುತ್ತಿದ್ದ ಆಪರೇಟರ್ ಈತನ ಗಿರಾಕಿಗಳ ಕರೆಯನ್ನು ಪ್ರತಿಸ್ಪರ್ಧಿಗೆ ತಿರುಗಿಸುತ್ತಾಳೆಂಬ ಗುಮಾನಿಯೇ ಅವನನ್ನು ಇದಕ್ಕೆ ಹಚ್ಚಿತೆಂದು ಕಥೆ. 1892ರಲ್ಲಿ ಇಂಡಿಯಾನಾದ ಲಾ ಪೋರ್ಟ್‌ನಲ್ಲಿ ಅವನ ಎಕ್ಸ್‌ಚೇಂಜ್ ಶುರುವಾದಾಗ ಡಯಲ್ ಇರಲಿಲ್ಲ. ಜನ ಗುಂಡಿಯನ್ನು ಅಂಕಿಯಷ್ಟು ಸಲ ಒತ್ತಬೇಕಿತ್ತು. ಅಣ್ಣ ಮಾಡುತ್ತಿದ್ದುದೂ ಹೆಚ್ಚುಕಡಿಮೆ ಅದನ್ನೇ.

ಡಯಲ್ ಯಾವ ದೇಶದ್ದೆಂದು ಅದರ ಮುಖವೇ ಹೇಳುತ್ತದೆ. ಕೊಕ್ಕೆಯ ಕಡೆಯಿಂದ ಎಣಿಸುವಾಗ 1ಕ್ಕಿಂತ ಮೊದಲೇ 0 ಬಂದರೆ ಸ್ವೀಡನ್ನಿನದು. ಇಂಗ್ಲಿಷ್ ಅಕ್ಷರಗಳಿದ್ದರೆ ‘ಒ’ ಹುಡುಕಿ: 6ರ ಜತೆಗಿದ್ದರೆ ಅಮೆರಿಕದ್ದು, 0 ಜತೆಗಿದ್ದರೆ ಬ್ರಿಟನ್ನಿನದು ಅಥವಾ ಫ್ರಾನ್ಸಿನದು. ನ್ಯೂಜಿಲೆಂಡ್‌ನಲ್ಲಿ ಅಂಕಿಗಳೇ ತಿರುಗುಮುರುಗು. ಅಲ್ಲಿ 1ಕ್ಕೆ ಒಂಬತ್ತು ಕಡಿತ. ಆದ್ದರಿಂದಲೇ ಅವರ ತುರ್ತು ಸಂಖ್ಯೆ 111. ಲಂಡನ್ನಿನಲ್ಲಿ 1937ರಲ್ಲಿ ಬಂದ 999 ಮತ್ತು ಇದು, ಎರಡೂ ಕಳಿಸುವುದು ಒಂಬತ್ತೊಂಬತ್ತು ಕಡಿತಗಳ ಮೂರು ಕಂತುಗಳನ್ನೇ.

ಬೆಲೆ ತಿಳಿಯಲು ಡಯಲನ್ನು ಬಿಚ್ಚಿ ಬೆನ್ನು ನೋಡಬೇಕು. ತಯಾರಕರ ಗುರುತು, ಎಷ್ಟೋ ಡಯಲ್‌ಗಳಲ್ಲಿ ಇಸವಿ ಕೂಡ, ಅಲ್ಲಿ ಅಚ್ಚಾಗಿರುತ್ತದೆ. 1930ರ ದಶಕದ ಪೆಟ್ಟಿಗೆಗೆ 1960ರ ದಶಕದ ಡಯಲ್ ಕೂರಿಸಿದ್ದರೆ ಬೆಲೆ ಇಳಿಯಿತು. ಅಂಕಿಗಳು ಎನಾಮೆಲ್ ತಟ್ಟೆಯ ಮೇಲಿದ್ದು ಚಕ್ಕೆ ಏಳದಿದ್ದರೆ ಏರಿತು. ಬೆಂಗಳೂರಿನ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯ ಕಪ್ಪು ಫೋನುಗಳು ಅಪರೂಪವಲ್ಲ, ಆದರೆ ಅಪ್ಪಟ. ಗುಜರಿಯಲ್ಲಿ ಹೊಳೆಯುವ ಹಿತ್ತಾಳೆ ಫೋನಿನ ತೂತುಗಳೊಳಗೆ ಒತ್ತುಗುಂಡಿಗಳಿದ್ದರೆ ಅದು ಶೋಕೇಸಿನ ಆಟಿಕೆ. ಅದಕ್ಕೆ ‘ಬ್ರಿಟಿಷರ ಕಾಲದ್ದು’ ಎಂಬ ಬೆಲೆ ಕೊಡಬೇಡಿ. ಹಳೆಯ ಟಿವಿಯಲ್ಲಿ ಭಾರೀ ಬೆಲೆಬಾಳುವ ‘ಕೆಂಪು ಪಾದರಸ’ ಇದೆಯೆಂಬ ಗಾಳಿಸುದ್ದಿ ನಂಬಿದವರೊಬ್ಬರು ಫೋನಿನಲ್ಲೂ ಇರಬಹುದೇ ಎಂದು ನನ್ನನ್ನು ಕೇಳಿದ್ದುಂಟು. ಇಲ್ಲ ಸ್ವಾಮಿ, ಟಿವಿಯಲ್ಲೂ ಇಲ್ಲ.

ಡಯಲ್‌ನ ನಡುವಿನ ಕಾಗದದ ಬಿಲ್ಲೆಯಲ್ಲಿ ಯಾರದೋ ನಾಲ್ಕಂಕಿಯ ಸಂಖ್ಯೆ ಶಾಯಿಯಲ್ಲಿ ಬರೆದಿದ್ದರೆ ಅದನ್ನು ಮಾತ್ರ ಒರೆಸಬೇಡಿ. ಗೊತ್ತಿದ್ದವರು ಅದಕ್ಕೂ ನಾಲ್ಕು ಕಾಸು ಹೆಚ್ಚು ಕೊಡುತ್ತಾರೆ.