ಅತ್ತೆ, ಉಂಡೆ ಬೆವರ್ತಿದೆ!

ಮಡಿಕೇರಿಯಲ್ಲಿ ಮಳೆಗಾಲ ಬಂತೆಂದರೆ ಕೊಬ್ಬರಿ ಎಣ್ಣೆ ಬಾಟಲಿಯೊಳಗೇ ಗಟ್ಟಿಯಾಗಿ ಕೂರುತ್ತದೆ. ತಲೆಗೆ ಹಚ್ಚಬೇಕೆಂದರೆ ಒಲೆ ಪಕ್ಕ ಇಡಬೇಕು, ಇಲ್ಲವೇ ಕಡ್ಡಿ ಹಾಕಿ ಕೆದಕಬೇಕು. ಇಲ್ಲಿನವರಿಗೆ ಇದು ಹೊಸತಲ್ಲ. ಆ ಬಾಟಲಿಗೂ ಚಾಕೊಲೇಟಿಗೂ ನೆಂಟಸ್ತಿಕೆ ಇದೆ ಅಂತ ನನಗೆ ಹೊಳೆದದ್ದು ಮಾತ್ರ ಹೋದ ವರ್ಷ ಸೆಪ್ಟೆಂಬರಿನಲ್ಲಿ, 30 ಕೇಕ್ ಪಾಪ್ ಮಾಡಲು ಹೋಗಿ 18 ಕೆಡಿಸಿದ ಮೇಲೆ.

ಕೇಕ್ ಪಾಪ್ ಅಂದರೆ ಸುಲಭ. ಕೇಕನ್ನು ಪುಡಿ ಮಾಡಿ, ಸ್ವಲ್ಪ ಕ್ರೀಮು ಕಲಸಿ, ಉಂಡೆ ಕಟ್ಟಿ, ಕಡ್ಡಿ ಚುಚ್ಚಿ, ಕರಗಿದ ಚಾಕೊಲೇಟಿನಲ್ಲಿ ಅದ್ದಿ, ಮೇಲೆ ಬಣ್ಣದ ಕಾಳು ಉದುರಿಸುವುದು. ನೋಡಲು ದೊಡ್ಡ ಲಾಲಿಪಾಪ್. 2008ರ ಸುಮಾರಿಗೆ ಅಮೆರಿಕದಲ್ಲಿ ಜನಪ್ರಿಯವಾಯಿತು, ಈಗ ನಮ್ಮ ಮಕ್ಕಳಿಗೂ ಹುಟ್ಟುಹಬ್ಬಕ್ಕೆ ಅದೇ ಬೇಕು. ಅಣ್ಣನ ಮಗಳಿಗೆ 7 ತುಂಬುವ ದಿನ ಕೊಡಗಿನ ಆಯುಧ ಹಬ್ಬವಾದ ಕೈಲ್ ಮುಹೂರ್ತದ ಮರುದಿನವೇ ಬಂದಿತ್ತು. ಹಾಗಾಗಿ ಹಬ್ಬದ ದಿನವೇ, ಅಮ್ಮನ ಅಡುಗೆಯ ನಡುವೆ, ನನ್ನ ಕೇಕ್ ಪಾಪ್ ಕೆಲಸವೂ ಶುರುವಾಯಿತು.

ಉಂಡೆ ಕಟ್ಟುವುದರಲ್ಲಿ ನನಗೆ ಭಯ ಇರಲಿಲ್ಲ. ಕಡಂಬುಟ್ಟು, ಅಂದರೆ ಹಬೆಯಲ್ಲಿ ಬೇಯಿಸುವ ಅಕ್ಕಿತರಿ ಉಂಡೆ, ಕಟ್ಟಿ ಪಳಗಿದ ಕೈ ಅಲ್ವಾ! ಆದರೆ ಎರಡೂ ಬೇರೆ ಬೇರೆ ಜಾತಿ. ಕಡಂಬುಟ್ಟಿನಲ್ಲಿ ಅಕ್ಕಿತರಿಯ ಪಿಷ್ಟ ಬಿಸಿನೀರು ಕುಡಿದು ಉಬ್ಬುತ್ತದೆ, ಅಂಟಾಗುತ್ತದೆ. ಆ ಅಂಟೇ ಉಂಡೆಯನ್ನು ಹಿಡಿದಿಡುತ್ತದೆ, ಬೇರೇನೂ ಬೇಡ. ಕೇಕಿನಲ್ಲೂ ಪಿಷ್ಟ ಇದೆ. ಆದರೆ ಅಲ್ಲಿ ಸಕ್ಕರೆ ಜಾಸ್ತಿ. ನೀರನ್ನು ಅದೇ ಹಿಡಿದಿಟ್ಟುಕೊಳ್ಳುವುದರಿಂದ ಪಿಷ್ಟಕ್ಕೆ ಬೇಕಾದಷ್ಟು ಸಿಗುವುದಿಲ್ಲ. ಕಣಗಳ ಮೇಲೆ ಬೆಣ್ಣೆಯ ಲೇಪ ಬೇರೆ. ಹೀಗಾಗಿ ಕೇಕಿನ ಪುಡಿ ಸುಮ್ನೆ ಹಿಸುಕಿದರೆ ನಿಲ್ಲುವುದಿಲ್ಲ, ಹೊರಗಿನ ಅಂಟು ಬೇಕು. ನಾನು ಹಾಕಿದ್ದು ಗನಾಶ್, ಅಂದರೆ ಬಿಸಿ ಕೆನೆಯಲ್ಲಿ ಕರಗಿಸಿದ ಚಾಕೊಲೇಟ್. 600 ಗ್ರಾಂ ಕೇಕಿಗೆ 150 ಗ್ರಾಂ. ಉಂಡೆಗೆ 25 ಗ್ರಾಂ ಲೆಕ್ಕದಲ್ಲಿ ಸರಿಯಾಗಿ 30 ಬಂತು. ಅಂಟು ಇದಕ್ಕಿಂತ ಹೆಚ್ಚಾದರೆ ಉಂಡೆ ಭಾರವಾಗಿ, ಮೆತ್ತಗಾಗಿ, ಕಡ್ಡಿಯಿಂದ ನಿಧಾನಕ್ಕೆ ಜಾರುತ್ತದೆ. ಹಿಡಿದರೆ ನಿಲ್ಲಬೇಕು, ಕೈಗೆ ಮೆತ್ತಬಾರದು. ಅಷ್ಟೇ ಹದ.

ಇಲ್ಲಿವರೆಗೆ ಎಲ್ಲ ಸರಿಯಿತ್ತು. ಒಂದು ಒಲೆಯ ಮೇಲೆ ಅಮ್ಮ ಕಡಂಬುಟ್ಟು ಬೇಯಲು ಇಟ್ಟಿದ್ದರು. ಪಕ್ಕದ ಒಲೆಯಲ್ಲಿ ನಾನು ಕುದಿಯುವ ನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಚಾಕೊಲೇಟ್ ಕರಗಿಸುತ್ತಿದ್ದೆ. ನುಣ್ಣಗೆ, ಹೊಳೆಯುತ್ತಾ ಕರಗಿತ್ತು. ಅಮ್ಮ ಕಡಂಬುಟ್ಟಿನ ಮುಚ್ಚಳ ತೆಗೆದರು. ಹಬೆ ಗಪ್ಪನೆ ಎದ್ದು ಇಡೀ ಅಡುಗೆಮನೆ ತುಂಬಿತು. ಎರಡು ನಿಮಿಷಕ್ಕೆ ನನ್ನ ಬಟ್ಟಲಿನಲ್ಲಿದ್ದದ್ದು ಗಂಟುಗಂಟಾಯಿತು. ಚಮಚ ತಿರುಗಿಸಿದಷ್ಟೂ ಬಿಗಿಯಾಯಿತು.

“ಎಂತ ಮಾರಾಯ್ತಿ ಇದು, ಗದ್ದೆ ಮಣ್ಣಿನ ಹಾಗೆ ಆಯ್ತಲ್ಲಾ” ಅಂದರು ಅಮ್ಮ.

ಅಮ್ಮನ ಹೋಲಿಕೆ ನಿಜಕ್ಕೂ ಸರಿಯಾಗಿತ್ತು. ಚಾಕೊಲೇಟ್ ಕರಗಿದಾಗ ನೀರಿನ ಹಾಗೆ ಕಂಡರೂ ಅದರಲ್ಲಿ ನೀರು ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಕರಗಿದ ಕೊಬ್ಬಿನಲ್ಲಿ ಸಕ್ಕರೆಯ, ಕೋಕೋದ ಅತಿ ಸಣ್ಣ ಕಣಗಳು ತೇಲುತ್ತಿರುತ್ತವೆ. ಕಾರ್ಖಾನೆಯಲ್ಲಿ ಅವನ್ನು ಒಂದು ಮಿಲಿಮೀಟರಿನ 40ರಲ್ಲಿ ಒಂದು ಭಾಗಕ್ಕಿಂತ ಸಣ್ಣಗೆ ಅರೆದಿರುತ್ತಾರೆ, ಅದಕ್ಕೇ ನಾಲಿಗೆಗೆ ಸಿಗುವುದಿಲ್ಲ. ಒಣಗಿರುವಷ್ಟು ಹೊತ್ತು ಕಣಗಳು ಒಂದರ ಪಕ್ಕ ಒಂದು ಜಾರುತ್ತವೆ. ಒಂದೆರಡು ಹನಿ ನೀರು ಬಿದ್ದರೆ ಸಕ್ಕರೆಯ ಮೈ ಒದ್ದೆಯಾಗಿ, ಕಣಕ್ಕೆ ಕಣ ಅಂಟಿಕೊಳ್ಳುತ್ತದೆ. ಒಣ ಮರಳು ಬೆರಳ ಸಂದಿಯಿಂದ ಸೋರುತ್ತದೆ, ಒದ್ದೆ ಮರಳಿನಲ್ಲಿ ಗೋಪುರ ಕಟ್ಟಬಹುದು. ಇದೂ ಹಾಗೆಯೇ. 100 ಗ್ರಾಂ ಚಾಕೊಲೇಟ್ ಕೆಡಲು ಅರ್ಧ ಚಮಚ ನೀರು ಸಾಕು. ತಮಾಷೆ ಏನೆಂದರೆ, ಸ್ವಲ್ಪ ನೀರು ಕೆಡಿಸುತ್ತದೆ, ಜಾಸ್ತಿ ನೀರು ಸರಿ ಮಾಡುತ್ತದೆ! ಬಿಸಿ ಹಾಲೋ ಕೆನೆಯೋ ಇನ್ನಷ್ಟು ಸುರಿದರೆ ಸಕ್ಕರೆ ಪೂರ್ತಿ ಕರಗಿ ಮತ್ತೆ ನುಣ್ಣಗಾಗುತ್ತದೆ. ಅದ್ದಲು ಬರುವುದಿಲ್ಲ, ಆದರೆ ಗನಾಶ್ ಆಗುತ್ತದೆ. ನನ್ನ ಗದ್ದೆ ಮಣ್ಣನ್ನು ಹಾಗೇ ಉಳಿಸಿದೆ, ರಾತ್ರಿ ಮಕ್ಕಳು ದೋಸೆಗೆ ಸವರಿಕೊಂಡು ತಿಂದರು.

ದ್ರವ ರೂಪದ ಮಾಮೂಲಿ ಫುಡ್ ಕಲರ್ ಹಾಕಿದಾಗ ಬಿಳಿ ಚಾಕೊಲೇಟ್ ಗಂಟಾಗುವುದೂ ಇದೇ ಕಾರಣಕ್ಕೆ, ಅದರಲ್ಲಿ ಇರುವುದು ನೀರು. ಪುಡಿ ಬಣ್ಣ ಅಥವಾ ಎಣ್ಣೆ ಆಧಾರದ ಬಣ್ಣವೇ ಬೇಕು. ಅಡಿಯಲ್ಲಿ ನೀರು ಕುದಿಯುತ್ತಲೇ ಇರಬೇಕಾಗಿಯೂ ಇಲ್ಲ. ಮಡಿಕೇರಿಯ ಎತ್ತರದಲ್ಲಿ ನೀರು 96 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ, ಆದರೆ ಚಾಕೊಲೇಟಿಗೆ 45 ಸಾಕು. ಒಲೆ ಆರಿಸಿ, ಆಮೇಲೆ ಬಟ್ಟಲು ಇಟ್ಟರಾಯಿತು.

ಎರಡನೇ ಸುತ್ತು. ಬರೆದಿಟ್ಟ ರೆಸಿಪಿಯಲ್ಲಿ “ಉಂಡೆಗಳನ್ನು ಫ್ರಿಜ್ಜಿನಲ್ಲಿಟ್ಟು ಗಟ್ಟಿ ಮಾಡಿ” ಎಂದಿತ್ತು. ಇಟ್ಟೆ. ಅಣ್ಣ, ಬೇಗ ಆಗಲಿ ಅಂತ, ಆರು ಉಂಡೆ ಎತ್ತಿ ಫ್ರೀಜರಿಗೇ ಹಾಕಿದ. ಅರ್ಧ ಗಂಟೆ ಬಿಟ್ಟು ತಟ್ಟೆ ಹೊರಗೆ ತೆಗೆದಿಟ್ಟು, ಚಾಕೊಲೇಟಿನ ಕಡೆ ತಿರುಗಿದೆ. ಹಿಂದಿನಿಂದ ಅಣ್ಣನ ಮಗಳ ಕೂಗು: “ಅತ್ತೆ, ಉಂಡೆ ಬೆವರ್ತಿದೆ!”

ಬಗ್ಗಿ ನೋಡಿದೆ. ಕಪ್ಪು ಉಂಡೆಯ ಮೈಮೇಲೆಲ್ಲ ಸಾಸಿವೆಗಿಂತ ಸಣ್ಣ ನೀರಿನ ಮಣಿಗಳು. ನೋಡುತ್ತಿದ್ದ ಹಾಗೆ ಎರಡು ಸೇರಿ ಒಂದಾಗಿ, ಕೆಳಗೆ ಜಾರಿ, ತಟ್ಟೆಯಲ್ಲಿ ಒಂದು ಒದ್ದೆ ಉಂಗುರ ಮೂಡಿತು.

ಗಾಳಿಗೆ ನೀರಿನ ಆವಿ ಹೊರುವ ಶಕ್ತಿ ಇಂತಿಷ್ಟೇ ಅಂತ ಇದೆ. ತಣ್ಣಗಾದಷ್ಟೂ ಅದು ಕಡಿಮೆ. ಹೊರಲಾರದ್ದನ್ನು ಇಳಿಸಿಬಿಡುತ್ತದೆ, ಅದೇ ಇಬ್ಬನಿ. ಇಳಿಸಲು ಶುರುಮಾಡುವ ಉಷ್ಣತೆಗೆ ಇಬ್ಬನಿ ಬಿಂದು ಅನ್ನುತ್ತಾರೆ. ನಮ್ಮ ಅಡುಗೆಮನೆ ಅವತ್ತು 20 ಡಿಗ್ರಿಯ ಆಸುಪಾಸು, ಹೊರಗೆ ಜಡಿ ಮಳೆ. 20 ಡಿಗ್ರಿಯ ಗಾಳಿಯಲ್ಲಿ ತೇವ ನೂರಕ್ಕೆ 95 ಇದ್ದರೆ ಇಬ್ಬನಿ ಬಿಂದು 19 ಡಿಗ್ರಿ. ಅಂದರೆ ಕೋಣೆಗಿಂತ ಒಂದೇ ಒಂದು ಡಿಗ್ರಿ ತಣ್ಣಗಿರುವ ವಸ್ತುವಿನ ಮೇಲೂ ನೀರು ಕೂರುತ್ತದೆ. ಫ್ರಿಜ್ಜಿನಿಂದ 5 ಡಿಗ್ರಿಯಲ್ಲಿ ಬಂದ ಉಂಡೆ ಬೆವರದೆ ಇನ್ನೇನು ಮಾಡೀತು?

ಬಟ್ಟೆಯಲ್ಲಿ ಒತ್ತಿ ಒರೆಸಿ ಅದ್ದಿದೆ. 12 ಉಂಡೆಗಳ ಚಾಕೊಲೇಟು ಒದ್ದೆ ಗೋಡೆಯ ಸುಣ್ಣದ ಹಾಗೆ ಸಿಪ್ಪೆ ಎದ್ದಿತು. ಅಣ್ಣನ ಫ್ರೀಜರ್ ಉಂಡೆಗಳದ್ದು ಇನ್ನೊಂದು ಕಥೆ. ಅದ್ದಿದ ತಕ್ಷಣ ಗಟ್ಟಿಯಾಗಿ ಚೆಂದ ಕಂಡವು. ಹತ್ತು ನಿಮಿಷಕ್ಕೆ ‘ಟಿಕ್’ ಅಂತ ಒಂದು ಸದ್ದು. ಆಮೇಲೆ ಇನ್ನೊಂದು. ಒಳಗಿನ ಉಂಡೆ ಚಳಿ ಬಿಟ್ಟು ಹಿಗ್ಗುತ್ತದೆ, ಹೊರಗಿನ ಚಿಪ್ಪು ಗಟ್ಟಿಯಾಗುತ್ತಾ ಕುಗ್ಗುತ್ತದೆ. ನಡುವೆ ಸಿಕ್ಕಿದ್ದು ಬಿರಿಯಲೇಬೇಕು.

ಫ್ರಿಜ್ಜಿಗೆ ಇಡಿ ಎಂಬ ಮಾತು ಒಣ ಹವೆಯ ಊರಲ್ಲೋ, ಬಿಸಿ ಊರಲ್ಲೋ ಬರೆದದ್ದಿರಬೇಕು. ಮೇ ತಿಂಗಳ ಮಂಗಳೂರಿನಲ್ಲಿ ಅದಿಲ್ಲದೆ ಆಗುವುದಿಲ್ಲ, ಒಪ್ಪುತ್ತೇನೆ. ಮಳೆಗಾಲದ ಮಡಿಕೇರಿಯಲ್ಲಿ ಅದು ಬೇಕಾಗಿಯೇ ಇಲ್ಲ. ಚಾಕೊಲೇಟ್ ಕೆಲಸ ಮಾಡುವವರು ಕೋಣೆ 18ರಿಂದ 21 ಡಿಗ್ರಿ ಇರಲಿ ಅನ್ನುತ್ತಾರೆ, ಅದಕ್ಕಾಗಿ ಎಸಿ ಹಾಕಿಸುತ್ತಾರೆ. ನಮಗೆ ಅದು ಪುಕ್ಕಟೆ ಸಿಕ್ಕಿದೆ. ತೇವ ಮಾತ್ರ ಅವರು ಬಯಸುವುದಕ್ಕಿಂತ ಎರಡು ಪಟ್ಟು! ಉಳಿದ 12 ಉಂಡೆಗಳನ್ನು ಡಬ್ಬಿಯಲ್ಲಿ ಮುಚ್ಚಿ, ಮೇಜಿನ ಮೇಲೆ ಎರಡು ಗಂಟೆ ಬಿಟ್ಟೆ. ಗನಾಶ್ ತಾನಾಗೇ ಬಿಗಿಯಿತು. ಫ್ರಿಜ್ಜಲ್ಲಿ ಇಡಲೇಬೇಕಾದರೆ ಹೊರಗೆ ತೆಗೆದ ಮೇಲೆ ಡಬ್ಬಿಯ ಮುಚ್ಚಳ ತೆರೆಯಬೇಡಿ. ನೀರು ಡಬ್ಬಿಯ ಹೊರಮೈಗೆ ಕೂರಲಿ. ಒಳಗಿನದು ಕೋಣೆಯಷ್ಟೇ ಬೆಚ್ಚಗಾದ ಮೇಲೆ ತೆರೆದರಾಯಿತು.

ಇನ್ನು ಚಾಕೊಲೇಟು. ಬೇಕರಿ ಸಾಮಾನಿನ ಅಂಗಡಿಯಲ್ಲಿ ಚಾಕೊಲೇಟ್ ಗಟ್ಟಿ ಕೇಳಿದರೆ ಸಾಮಾನ್ಯವಾಗಿ ಮೊದಲು ಕೈಗೆ ಬರುವುದು ಕಾಂಪೌಂಡ್. ಅದರಲ್ಲಿ ಕೋಕೋ ಪುಡಿ ಇರುತ್ತದೆ, ಕೊಬ್ಬು ಮಾತ್ರ ಹೆಚ್ಚಾಗಿ ತಾಳೆ ಬೀಜದ್ದು. ಕರಗಿಸು, ಅದ್ದು, ಮುಗಿಯಿತು. ಕೇಕ್ ಪಾಪ್‌ಗೆ ಅದು ಧಾರಾಳ ಸಾಕು, ಮೂಗು ಮುರಿಯುವ ಅಗತ್ಯವಿಲ್ಲ. ರುಚಿ ಮಾತ್ರ ಅಸಲಿಯದ್ದೇ ಬೇರೆ. ಅಸಲಿ ಚಾಕೊಲೇಟಿನಲ್ಲಿ ಇರುವುದು ಕೋಕೋ ಬೆಣ್ಣೆ. ಇಲ್ಲಿಂದ ಸಂಪಾಜೆ ಘಾಟಿ ಇಳಿದು ಸುಳ್ಯ ದಾಟಿದರೆ ಅಡಿಕೆ ತೋಟಗಳ ನಡುವೆ ಕೋಕೋ ಗಿಡ ಕಾಣುತ್ತದೆ, ಪುತ್ತೂರಿನಲ್ಲಿ 1986ರಿಂದ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆ ಇದೆ. ಒಣಗಿಸಿದ ಕೋಕೋ ಬೀಜದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಈ ಬೆಣ್ಣೆಯೇ.

ಕೋಕೋ ಬೆಣ್ಣೆಗೆ ಒಂದು ವಿಚಿತ್ರ ಗುಣ. ಗಟ್ಟಿಯಾಗುವಾಗ ಅದು ಆರು ಬೇರೆ ಬೇರೆ ರೂಪ ತಾಳಬಲ್ಲದು. ವಿಲ್ ಮತ್ತು ಲಟ್ಟನ್ ಎಂಬ ಇಬ್ಬರು 1966ರಲ್ಲಿ ಈ ಆರನ್ನೂ ಗುರುತಿಸಿ ನಂಬರು ಕೊಟ್ಟರು. ವಸ್ತು ಒಂದೇ, ಜೋಡಣೆ ಬೇರೆ. ಇದರ ಅಣುಗಳು ಹೆಚ್ಚುಕಮ್ಮಿ ಕುರ್ಚಿಯ ಆಕಾರದಲ್ಲಿವೆ. ಮದುವೆ ಮುಗಿದ ಮೇಲೆ ಪ್ಲಾಸ್ಟಿಕ್ ಕುರ್ಚಿ ಎತ್ತಿಡುವುದನ್ನು ನೆನೆಸಿಕೊಳ್ಳಿ. ಅವಸರದಲ್ಲಿ ಎಸೆದರೆ ಅಡ್ಡಾದಿಡ್ಡಿ ರಾಶಿ, ಮುಟ್ಟಿದರೆ ಕುಸಿಯುತ್ತದೆ. ಒಂದರೊಳಗೊಂದು ಕೂರಿಸಿದರೆ ಗಟ್ಟಿ ಕಂಬ. ಒಂದನೇ ರೂಪ 17 ಡಿಗ್ರಿಯ ಸುಮಾರಿಗೇ ಕರಗಿಬಿಡುತ್ತದೆ. ನಾಲ್ಕನೆಯದು 27ರ ಆಚೆ ಈಚೆ. ಐದನೆಯದು 34ರ ಹತ್ತಿರ: ಕೈಯಲ್ಲಿ ಗಟ್ಟಿ, ಬಾಯಲ್ಲಿ ಬೆಣ್ಣೆ. ಹೊಳಪು, ಮುರಿದಾಗಿನ ‘ಟಕ್’ ಸದ್ದು ಎಲ್ಲ ಐದನೆಯದರದ್ದೇ. ನಮಗೆ ಬೇಕಾದದ್ದು ಅದೊಂದೇ. ಸುಮ್ನೆ ಕರಗಿಸಿ ಆರಲು ಬಿಟ್ಟರೆ ಕುರ್ಚಿಗಳು ಅಡ್ಡಾದಿಡ್ಡಿ ಬೀಳುತ್ತವೆ. ಚಾಕೊಲೇಟ್ ಮಂಕಾಗಿ, ಬೆರಳಿಗೆ ಅಂಟುತ್ತದೆ.

ನಮ್ಮ ಮನೆಗಳಲ್ಲಿ ಇದು ಗೊತ್ತಿಲ್ಲದ ವಿದ್ಯೆಯೇನಲ್ಲ. ಕಾಯಿಸಿದ ತುಪ್ಪವನ್ನು ನಿಧಾನಕ್ಕೆ ಆರಲು ಬಿಟ್ಟರೆ ಹರಳು ಹರಳಾಗುತ್ತದೆ, ಫ್ರಿಜ್ಜಿಗೆ ತಳ್ಳಿದರೆ ನುಣ್ಣನೆಯ ಮೇಣದಂತೆ ಹೆಪ್ಪುಗಟ್ಟುತ್ತದೆ. ಕೊಬ್ಬು ಹೇಗೆ ಆರಿತು ಅನ್ನುವುದರ ಮೇಲೆ ಅದು ಏನಾಗುತ್ತದೆ ಅನ್ನುವುದು ನಿಂತಿದೆ.

ಡಾರ್ಕ್ ಚಾಕೊಲೇಟಿಗೆ ಮಾಡುವುದು ಹೀಗೆ. ಮೊದಲು 45 ಡಿಗ್ರಿ ದಾಟಿಸಿ ಎಲ್ಲ ಹರಳುಗಳನ್ನೂ ಕರಗಿಸಬೇಕು. ಆಮೇಲೆ ಕಲಕುತ್ತಾ 27-28ಕ್ಕೆ ಇಳಿಸಬೇಕು, ಆಗ ನಾಲ್ಕನೆಯದೂ ಐದನೆಯದೂ ಹುಟ್ಟುತ್ತವೆ. ಮತ್ತೆ 31-32ಕ್ಕೆ ಏರಿಸಿದರೆ ನಾಲ್ಕನೆಯದು ಕರಗಿ ಐದನೆಯದರ ಹರಳು ಮಾತ್ರ ಉಳಿಯುತ್ತದೆ. ನನಗೆ ಹಿಡಿಸಿದ್ದು ಇನ್ನೂ ಸುಲಭದ ದಾರಿ. ಮುಕ್ಕಾಲು ಭಾಗ ಕರಗಿಸಿ, ಸ್ವಲ್ಪ ಆರಿದ ಮೇಲೆ ಉಳಿದ ಕಾಲು ಭಾಗವನ್ನು ಸಣ್ಣಗೆ ಹೆಚ್ಚಿ ಅದಕ್ಕೆ ಹಾಕಿ, 31-32ಕ್ಕೆ ಇಳಿಯುವ ತನಕ ಕಲಕುತ್ತಿರುವುದು. ಹಾಲಿಗೆ ಹೆಪ್ಪು ಹಾಕಿದ ಹಾಗೆ! ಅಂಗಡಿಯಿಂದ ತಂದ ತುಂಡಿನಲ್ಲಿ ಐದನೇ ರೂಪದ ಹರಳು ಆಗಲೇ ಇದೆ. ಅದನ್ನು ನೋಡಿ ಉಳಿದದ್ದೂ ಅದೇ ಸಾಲಿನಲ್ಲಿ ಕೂರುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಕೆಳದುಟಿಗೆ ಒಂದು ಚೂರು ಸೋಕಿಸಿ ನೋಡಿ, ತುಸು ತಣ್ಣಗೆ ಅನ್ನಿಸಬೇಕು. ಚಾಕುವಿನ ತುದಿಗೆ ಸವರಿಟ್ಟರೆ ಐದು ನಿಮಿಷದೊಳಗೆ ಹೊಳಪಿನಿಂದ ಬಿಗಿಯಬೇಕು.

ಚಾಕೊಲೇಟ್ ದಪ್ಪ ಅನ್ನಿಸಿದರೆ ತೆಳುಮಾಡಲು ಒಂದು ಚಮಚ ಕೊಬ್ಬರಿ ಎಣ್ಣೆ ಹಾಕುವವರಿದ್ದಾರೆ. ಅದು 24 ಡಿಗ್ರಿಗೆ ಗಟ್ಟಿಯಾಗುವ ಕೊಬ್ಬು, ಮಳೆಗಾಲದ ಮಡಿಕೇರಿಯಲ್ಲಿ ಚಿಪ್ಪಿನೊಳಗೂ ಗಟ್ಟಿಯಾಗಿಯೇ ಕೂರುತ್ತದೆ. ಆದರೆ ಕೋಕೋ ಬೆಣ್ಣೆಯ ಸಾಲಿಗೆ ಅದು ಹೊಂದುವುದಿಲ್ಲ, ಜಾಸ್ತಿಯಾದರೆ ಚಿಪ್ಪು ಮೆತ್ತಗಾಗುತ್ತದೆ. ಕಾಂಪೌಂಡನ್ನೂ ಅಸಲಿಯನ್ನೂ ಬೆರೆಸಬಾರದು ಅನ್ನುವುದೂ ಇದಕ್ಕೇ.

ಅಲಂಕಾರ ಮಕ್ಕಳ ಪಾಲಿಗೆ ಬಂತು. ಕಡ್ಡಿಯ ತುದಿಯನ್ನು ಮೊದಲು ಚಾಕೊಲೇಟಿನಲ್ಲಿ ಅದ್ದಿ ಆಮೇಲೆ ಉಂಡೆಗೆ ಚುಚ್ಚಬೇಕು, ಆ ಚಾಕೊಲೇಟೇ ಒಳಗೆ ಬಿಗಿದು ಮೊಳೆಯಾಗುತ್ತದೆ. ಉಂಡೆ ಪೂರ್ತಿ ಅದ್ದಿ ಎತ್ತಿ, ಕಡ್ಡಿ ಹಿಡಿದ ಕೈಯನ್ನು ಇನ್ನೊಂದು ಕೈಯಿಂದ ಮೆಲ್ಲಗೆ ತಟ್ಟಿದರೆ ಹೆಚ್ಚಿನದು ಇಳಿಯುತ್ತದೆ. ಬಣ್ಣದ ಕಾಳು ತಕ್ಷಣ ಹಾಕಿದರೆ ಜಾರುತ್ತದೆ, ತಡವಾದರೆ ಅಂಟುವುದಿಲ್ಲ. ಹೊಳಪು ಇನ್ನೂ ಒದ್ದೆಯಾಗಿದ್ದು ಹನಿ ಬೀಳುವುದು ನಿಂತ ಆ ಅರ್ಧ ನಿಮಿಷವೇ ಸರಿಯಾದ ಹೊತ್ತು. ಅಣ್ಣನ ಮಗಳಿಗೆ ಎರಡನೇ ಉಂಡೆಗೇ ಅದು ಸಿದ್ಧಿಸಿತು, ನನಗೆ ಎಂಟನೆಯದಕ್ಕೆ. ನಿಲ್ಲಿಸಲು ಬಾಳೆದಿಂಡಿಗೆ ಚುಚ್ಚಿದೆ, ನೋಡಲು ಬಲು ಚೆಂದ. ಅರ್ಧ ಗಂಟೆಗೆ ಕಾಗದದ ಕಡ್ಡಿಗಳು ದಿಂಡಿನ ನೀರು ಹೀರಿ ಬಾಗತೊಡಗಿದವು. ಕೊನೆಗೆ ಒದಗಿದ್ದು ಅಮ್ಮನ ಸೇರು. ತುಂಬ ಅಕ್ಕಿ ಸುರಿದು, ಕಡ್ಡಿ ಊರಿ, ಎರಡು ಸಲ ಕುಟ್ಟಿದರೆ ಕಾಳುಗಳು ಒಂದಕ್ಕೊಂದು ಒತ್ತಿಕೊಂಡು ಕಡ್ಡಿಯನ್ನು ಬಿಗಿಹಿಡಿಯುತ್ತವೆ.

12 ಕೇಕ್ ಪಾಪ್‌ನಲ್ಲಿ ಹುಟ್ಟುಹಬ್ಬ ನಡೆಯಿತು. ಮಿಕ್ಕಿದ ಮೂರನ್ನು ಅಣ್ಣನ ಮನೆಯವರು ಡಬ್ಬಿಯಲ್ಲಿ ಹಾಕಿಕೊಂಡು ಮಂಗಳೂರಿಗೆ ಹೊರಟರು. ಅಲ್ಲಿ ಮಧ್ಯಾಹ್ನ ಕಾರನ್ನು ಬಿಸಿಲಲ್ಲಿ ನಿಲ್ಲಿಸಿದ್ದರಂತೆ. ಮರುದಿನ ಫೋನು.

“ಅತ್ತೆ, ಬೂಷ್ಟು ಬಂದಿದೆ. ಬಿಳಿ ಬಿಳಿ.”

ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಬೀರುವಿನೊಳಗಿನ ಸೀರೆ ಎಲ್ಲಕ್ಕೂ ಬೂಷ್ಟು ಕಂಡು ಬೆಳೆದ ಹುಡುಗಿ, ಇನ್ನೇನು ಹೇಳಿಯಾಳು? ಕಾರಿನ ಬಿಸಿಗೆ ಕೋಕೋ ಬೆಣ್ಣೆ ಕರಗಿ, ಹೆಪ್ಪು ಇಲ್ಲದೆ ಮತ್ತೆ ಆರಿ, ಅಡ್ಡಾದಿಡ್ಡಿ ಕೂತು, ಸ್ವಲ್ಪ ಮೇಲಕ್ಕೆ ಬಂದು ಬಿಳಿ ಹರಳಾಗಿರಬೇಕು. ಆದರೆ ನೀರು ಕೂತು ಒಣಗಿದ್ದರೂ ಹೀಗೇ ಬಿಳಿಚುತ್ತದೆ, ಅದು ಕರಗಿ ಮರಳಿ ಹರಳಾದ ಸಕ್ಕರೆ. ಉಜ್ಜಿದರೆ ಕೊಬ್ಬು ಬೆರಳಿನ ಬಿಸಿಗೆ ಮಾಯವಾಗುತ್ತದೆ, ಸಕ್ಕರೆ ಒರಟಾಗಿ ಅಲ್ಲೇ ಉಳಿಯುತ್ತದೆ. ಎರಡನ್ನೂ ತಿನ್ನಬಹುದು.

“ಬೆರಳಿಂದ ಮೆಲ್ಲಗೆ ಉಜ್ಜಿ ನೋಡು” ಅಂದೆ.

ಸ್ವಲ್ಪ ಹೊತ್ತು ಸದ್ದಿಲ್ಲ.

“ಹೋಯ್ತು ಅತ್ತೆ. ಬೆರಳು ಜಿಡ್ಡು ಜಿಡ್ಡಾಯ್ತು.”