ಗಂಟಲಲ್ಲಿ ಗುಳ್ಳೆ: ‘ಉಷ್ಣ’ದ ತಲೆಗೆ ಕಟ್ಟಬೇಡಿ

ಪ್ರಶ್ನೆ: ಗಂಟಲ ಹಿಂಭಾಗದಲ್ಲಿ ಸಣ್ಣ ಗುಳ್ಳೆಗಳೆದ್ದಿವೆ. ಉಷ್ಣ ಆಗಿದೆ, ಎಳನೀರು ಕುಡಿ ಅಂತಾರೆ ಮನೆಯಲ್ಲಿ. ನಿಜವೇ?

ಉತ್ತರ: ಎಳನೀರು ಧಾರಾಳವಾಗಿ ಕುಡಿಯಿರಿ. ಗುಳ್ಳೆಗೆ ಕಾರಣ ಮಾತ್ರ ಬೇರೆ ಕಡೆ ಹುಡುಕಿ. ಎಷ್ಟನೆಯ ಸಲ ಇದನ್ನು ಬರೆಯುತ್ತಿರುವುದೋ, ಲೆಕ್ಕ ತಪ್ಪಿದೆ.

ಮಾವಿನಹಣ್ಣು ತಿಂದರೂ ಮಜ್ಜಿಗೆ ಕುಡಿದರೂ ಮೈಯೊಳಗಿನ ಶಾಖ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುತ್ತದೆ. ‘ಆ ಶಾಖ ಅಲ್ಲ, ಒಳಉಷ್ಣ’ ಎನ್ನುವಿರಾ? ಹಾಗಾದರೆ ಮನೆಮಂದಿಯೆಲ್ಲ ಒಂದೇ ಸಾರು ಉಂಡು ಮಗುವಿಗೊಂದಕ್ಕೇ ಗುಳ್ಳೆ ಏಕೆ? ಅದು ಶಾಲೆಯಿಂದ ಕಾಕ್ಸಾಕಿಯಂಥ ವೈರಸ್ ಹೊತ್ತು ತಂದಿರುತ್ತದೆ. ದಿಢೀರ್ ಜ್ವರ, ಅಂಗುಳಿನ ಹಿಂದೆ ಕೆಂಪು ಅಂಚಿನ ನೀರುಗುಳ್ಳೆ. ಒಡೆದು ಹುಣ್ಣಾಗಿ, ಸಾಮಾನ್ಯವಾಗಿ ವಾರದಲ್ಲಿ ತಾನೇ ಮಾಯುತ್ತದೆ. ಆ ವಾರವಿಡೀ ಕುಡಿಸಿದ ಎಳನೀರಿಗೆ ಹೆಸರು ಬರುತ್ತದೆ, ಅಷ್ಟೇ. ‘ಖಾರ ತಿಂದಾಗಲೇ ಉರಿಯಿತು’ ಎಂಬುದೂ ಸಾಕ್ಷಿಯಲ್ಲ. ಹುಣ್ಣು ಮೊದಲೇ ಇತ್ತು, ಖಾರ ಅದನ್ನು ತೋರಿಸಿಕೊಟ್ಟಿತು.

ತಂಪು ಮಾಡುತ್ತ ಕೂತರೆ ಅಪಾಯವಿರುವುದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿನಲ್ಲಿ. ಜ್ವರವಿದೆ, ಕೆಮ್ಮಿಲ್ಲ, ಟಾನ್ಸಿಲ್ ಮೇಲೆ ಬಿಳಿ ಕೀವು, ಕತ್ತಿನ ಮುಂಭಾಗದ ಗಂಟು ಮುಟ್ಟಿದರೆ ನೋವು ಎಂದಾದರೆ ಡಾಕ್ಟರಿಗೆ ತೋರಿಸಿ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಕೆಲವು ಮಕ್ಕಳಲ್ಲಿ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಕೆಡುತ್ತದೆ. ಪೆನಿಸಿಲಿನ್ ಮಾತ್ರೆ ಸಾಮಾನ್ಯವಾಗಿ 10 ದಿನದ್ದು. ಮೂರನೇ ದಿನ ಹಾಯೆನಿಸಿತೆಂದು ನಿಲ್ಲಿಸುವಂತಿಲ್ಲ.

ದೊಡ್ಡವರಲ್ಲಿ ಕಾಣುವುದು ಹೆಚ್ಚಾಗಿ ನೀರುಗುಳ್ಳೆಯೇ ಅಲ್ಲ. ಗಂಟಲ ಹಿಂಗೋಡೆಯ ರಕ್ಷಣಾ ಅಂಗಾಂಶ ಊದಿ, ಜಲ್ಲಿ ಹಾಸಿದಂತೆ ಕಾಣುತ್ತದೆ. ಮೂಗಿನ ಹಿಂದಿನಿಂದ ಇಳಿಯುವ ಸಿಂಬಳ, ಧೂಳಿನ ಅಲರ್ಜಿ, ಬೀಡಿ-ಸಿಗರೇಟು, ಹುಳಿತೇಗು ಇದಕ್ಕೆ ಕಾರಣ. ಹುಳಿತೇಗಿನವರು ಉಂಡು ಮೂರು ಗಂಟೆಯಾಗುವವರೆಗೆ ಮಲಗಬೇಡಿ. ಕೆರೆತಕ್ಕೆ, ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀಚಮಚ ಉಪ್ಪು ಹಾಕಿ ಮುಕ್ಕಳಿಸಿ.

ಮೂರು ವಾರವಾದರೂ ಮಾಯದ ಹುಣ್ಣು, ಒಂದೇ ಕಡೆಯ ಊತ, ಕತ್ತಿನಲ್ಲಿ ಗಂಟು ಇದ್ದರೆ, ಅದರಲ್ಲೂ ಗುಟ್ಕಾ, ಹೊಗೆಸೊಪ್ಪಿನ ಅಭ್ಯಾಸದವರು, ಕಿವಿ-ಮೂಗು-ಗಂಟಲು ತಜ್ಞರ ಬಳಿ ತಡಮಾಡದೆ ಹೋಗಿ. ಉಸಿರಾಡಲು ಕಷ್ಟವಾದರೆ, ಎಂಜಲು ನುಂಗಲೂ ಆಗದಿದ್ದರೆ ಆಗಲೇ ಆಸ್ಪತ್ರೆಗೆ.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಮೊಬೈಲ್ ಟಾರ್ಚ್ ಹಾಕಿ ಕನ್ನಡಿ ನೋಡುವಾಗ ನಾಲಿಗೆಯ ಬುಡದಲ್ಲಿ ಎಂಟರಿಂದ ಹನ್ನೆರಡು ದುಂಡು ಉಬ್ಬುಗಳು ‘ವಿ’ ಆಕಾರದಲ್ಲಿ ಸಾಲಾಗಿ ಕಂಡರೆ, ಅವು ಹುಟ್ಟಿದಾಗಿನಿಂದ ಇರುವ ರುಚಿಮೊಗ್ಗಿನ ಉಬ್ಬುಗಳು. ನಾಲಿಗೆ ಕೆರೆಯುವ ಪಟ್ಟಿಯಿಂದ ಉಜ್ಜಿ ತೆಗೆಯಲು ಹೋಗಬೇಡಿ. ರಕ್ತ ಬರುತ್ತದೆ, ಉಬ್ಬು ಹೋಗುವುದಿಲ್ಲ.